ಅವ್ವ ಕೊಯ್ದ ಹುಲ್ಲು

ಹಿಟ್ಟಿನ ಗಿರಣಿ ದಾಟಿ ಎಡಕ್ಕೆ ಹೊರಳುವ ಬೀದಿಯಲ್ಲಿ ಒಂದು ಮನೆಯನ್ನು ಜನ 'ಹುಲ್ಲಿನ ಮನೆ' ಎಂದು ಕರೆಯುತ್ತಿದ್ದರು. ಅದು ಹುಲ್ಲು ಹೊದಿಸಿದ ಮನೆಯೇನಲ್ಲ, ಒಳ್ಳೆಯ ಹೆಂಚಿನ ಮನೆಯೇ. ಆದರೆ ಉಳಿದವರ ಮನೆಯ ಮುಂದೆ ಗುಲಾಬಿಯೋ ದಾಸವಾಳವೋ ಇರುವ ಜಾಗದಲ್ಲಿ ಆ ಮನೆಯ ಟೀಚರ್ ಹುಲ್ಲು ಬೆಳೆಸಿದ್ದಳು. ಅದೂ ತಾನಾಗಿ ಬೆಳೆದದ್ದಲ್ಲ. ದೂರದ ಸಸಿತೋಟದಿಂದ ತರಿಸಿ, ಗುಂಡಿ ತೋಡಿ, ಅಳತೆ ನೋಡಿ ನೆಟ್ಟ ಹುಲ್ಲು. ಬೀದಿಯವರಿಗೆ ಇದು ನಗುವಿನ ಸರಕಾಯಿತು. ಎದುರುಮನೆಯ ದರ್ಜಿಯಂತೂ ಹೊಲಿಗೆ ಯಂತ್ರದ ಹಿಂದಿನಿಂದಲೇ ಕತ್ತೆತ್ತಿ, "ಮೇವು ರೆಡಿ ಆಯ್ತು ಟೀಚರ್, ಹಸು ಯಾವಾಗ ತರ್ತೀರ?" ಎಂದು ಕೇಳದೆ ಬಿಡುತ್ತಿದ್ದ ದಿನವೇ ಅಪರೂಪ.

ಟೀಚರ್ ನಕ್ಕು ಸುಮ್ಮನಾಗುತ್ತಿದ್ದಳು. ಅವಳಿಗೆ ನಗುವವರ ಮೇಲೆ ಸಿಟ್ಟಾಗಲಿ ಹುಲ್ಲಿನ ವಿಷಯದಲ್ಲಿ ಅವಸರವಾಗಲಿ ಇರಲಿಲ್ಲ. ಮೊದಲ ವರ್ಷ ಪ್ರೀತಿ ಹೆಚ್ಚಾಗಿ ಬುಡಕ್ಕೆ ಗೊಬ್ಬರ ಸುರಿದಳು. ಹುಲ್ಲು ಸೊಕ್ಕಿ ಆಳೆತ್ತರ ಬೆಳೆದು ಒಂದು ಗಾಳಿಗೆ ಹಾಸಿಗೆ ಹಾಸಿದಂತೆ ಮಲಗಿತು. ಆಮೇಲೆ ಗೊಬ್ಬರ ನಿಲ್ಲಿಸಿದಳು, ನೀರನ್ನೂ ಕಡಿಮೆ ಮಾಡಿದಳು. ಬಡತನದಲ್ಲಿ ಹುಲ್ಲು ನೆಟ್ಟಗೆ ನಿಂತಿತು. ಚಳಿ ಮುಗಿದು ಹೊಸ ಚಿಗುರು ಇನ್ನೂ ಕಣ್ಣು ಬಿಡದಿರುವಾಗ ಒಣಗಿದ ಪೊದೆಯ ಸೊಂಟಕ್ಕೆ ಹಗ್ಗ ಬಿಗಿದು, ನೆಲದಿಂದ ಗೇಣೆತ್ತರ ಬಿಟ್ಟು ಕೊಯ್ಯುವುದನ್ನು ಕಲಿತಳು. ಎರಡು ಮೂರು ವರ್ಷ ಕಳೆದ ಪೊದೆ ನಡುವೆ ಬೋಳಾದರೆ ಅದನ್ನು ಬುಡಸಮೇತ ಎಬ್ಬಿಸಿ, ಗುದ್ದಲಿಯಿಂದ ಸೀಳಿ, ಹೊರಗಿನ ಎಳೆಯ ಭಾಗವನ್ನಷ್ಟೇ ಮತ್ತೆ ನೆಡುವುದನ್ನೂ ಕಲಿತಳು.

ಅಂಗಳದಲ್ಲಿ ಮೂರು ಜಾತಿಯ ಹುಲ್ಲುಗಳಿದ್ದವು. ಅವುಗಳಿಗೆ ಹೆಸರಿಟ್ಟವನು ಅವಳ ಗಂಡ. ಅವನಿಗೆ ಪೇಟೆಯಲ್ಲಿ ಬಣ್ಣದಂಗಡಿ. ಮಾತಿನಲ್ಲೂ ಬಣ್ಣಕ್ಕೆ ಬರವಿರಲಿಲ್ಲ. ಗೋಡೆಯ ಪಕ್ಕದ ಎತ್ತರದ್ದು, ತುದಿಯಲ್ಲಿ ಬಿಳಿಯ ಕುಚ್ಚು ಬಿಡುವಂಥದ್ದು ಬೆಳ್ಳಿಜುಟ್ಟು. ಕಾಲುದಾರಿಯ ಎರಡೂ ಬದಿಗೆ ಬಾಗಿ ನಿಂತ ಕೆಂಚು ತೆನೆಯದ್ದು ನರಿಬಾಲ. ಮೆಟ್ಟಿಲ ಹತ್ತಿರ ಮುಳ್ಳುಹಂದಿಯ ಹಾಗೆ ಮುದುಡಿ ಕೂತ, ನೀಲಿ ಬೂದಿ ಬಣ್ಣದ್ದು ಮುದುಕನ ಗಡ್ಡ. ಈ ಮೂರನೆಯದು ಬಹಳ ನಾಜೂಕು. ಅದನ್ನು ಎಂದೂ ಬುಡಕ್ಕೆ ಕೊಯ್ಯಬಾರದು. ಕೊಯ್ದರೆ ಮತ್ತೆ ಚಿಗುರುವುದೇ ಅನುಮಾನ. ವರ್ಷಕ್ಕೊಮ್ಮೆ ಬೆರಳುಗಳಿಂದ ಬಾಚಿ, ಒಣಗಿದ ಎಸಳುಗಳನ್ನಷ್ಟೇ ಬಿಡಿಸಬೇಕು. ಟೀಚರ್ ಮೆಟ್ಟಿಲ ಮೇಲೆ ಕೂತು ಅದನ್ನು ಬಾಚುವುದನ್ನು ಕಂಡು ಗಂಡ, "ನನ್ನ ತಲೇನೂ ಒಂದ್ಸಲ ಹೀಗೆ ಬಾಚಿದ್ರೆ ಕೂದಲು ಉಳೀತಿತ್ತು ಕಣೇ" ಎನ್ನುತ್ತಿದ್ದ.

ಶಾಲೆಯಲ್ಲಿ ಯಾರೋ, "ಈ ಹುಲ್ಲಿನ ಹುಚ್ಚು ನಿಮಗೆ ಎಲ್ಲಿಂದ ಹಿಡೀತು ಟೀಚರ್?" ಎಂದು ಕೇಳಿದ್ದರು. "ಯಾವುದೋ ಪುಸ್ತಕದಲ್ಲಿ ಚಿತ್ರ ನೋಡಿದ್ದೆ" ಎಂದು ಅವಳು ಹೇಳಿದ್ದಳು. ಅದು ಪೂರ್ತಿ ಸುಳ್ಳಲ್ಲ. ಚಿತ್ರ ನೋಡಿದ್ದು ನಿಜ. ಆದರೆ ಆ ಚಿತ್ರದ ಮುಂದೆ ಅಷ್ಟು ಹೊತ್ತು ನಿಂತದ್ದೇಕೆ ಎಂಬುದನ್ನು ಅವಳು ಹೇಳಲಿಲ್ಲ. ಅವಳ ಅವ್ವ ಪೊರಕೆ ಕಟ್ಟುವವಳು. ಊರಾಚೆಯ ಗುಡ್ಡದಲ್ಲಿ ಹುಲ್ಲು ತೆನೆ ಬಿಡುವ ಹೊತ್ತಿಗೆ ಅವ್ವ ನಸುಕಿನಲ್ಲಿ ಎದ್ದು ಹೋಗಿ ಹೊರೆ ಹೊತ್ತು ತರುತ್ತಿದ್ದಳು. ಮನೆಯೊಳಗೆ ಮಲಗುವ ಜಾಗ ಬಿಟ್ಟು ಉಳಿದದ್ದೆಲ್ಲ ಹುಲ್ಲು. ಅವ್ವ ಪೊರಕೆಯ ಕಟ್ಟು ಹೊತ್ತು ಬೀದಿಬೀದಿ ಕೂಗುತ್ತ ಹೋಗುವಾಗ, ಆ ಬೀದಿಯಲ್ಲಿ ತನ್ನ ಜೊತೆ ಓದುವವರ ಮನೆಯಿದ್ದರೆ, ಹಿಂದೆ ಬರುತ್ತಿದ್ದ ಹುಡುಗಿ ಯಾವುದಾದರೂ ಬಾಗಿಲ ಮರೆಗೆ ಸರಿಯುತ್ತಿದ್ದಳು. ಆ ಕೂಗಿನಿಂದಲೇ ಅವಳ ಓದು ನಡೆಯಿತು, ನೌಕರಿ ಸಿಕ್ಕಿತು. ಶಾಲೆಯಲ್ಲಿ ಅವಳ ತಾಯಿಯ ವಿಚಾರ ಬಂದಾಗ ಮಾತ್ರ, "ಊರಲ್ಲಿದ್ದಾರೆ, ಜಮೀನು ಬಿಟ್ಟು ಬರೋಕಾಗಲ್ಲ" ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅವ್ವನಿಗಿದ್ದ ಜಮೀನೆಂದರೆ ಮನೆಯ ಹಿಂದೆ ಒಂದು ಕುಂಬಳದ ಬಳ್ಳಿ ಹಬ್ಬುವಷ್ಟು.

ಮಳೆ ನಿಂತು ಚಳಿ ಮೆಲ್ಲಗೆ ಕಾಲಿಡುವ ಆ ದಿನಗಳಲ್ಲಿ ಬೆಳ್ಳಿಜುಟ್ಟು ಹೂಬಿಟ್ಟು ನಿಂತರೆ, ಸಂಜೆಯ ಬಿಸಿಲಿಗೆ ಇಡೀ ಗೋಡೆ ಬೆಳಗುತ್ತಿತ್ತು. ಅದನ್ನು ನೋಡಲು ಬರುವುದಾಗಿ ಶಾಲೆಯ ದೊಡ್ಡ ಟೀಚರ್ ತಾವಾಗಿಯೇ ಹೇಳಿದರು. ಶಾಲೆಯ ದಾರಿಯುದ್ದಕ್ಕೂ ಅಂಥದೇ ಹುಲ್ಲು ನೆಡಿಸುವ ಯೋಚನೆ ಅವರಿಗಿತ್ತು. ಚಿತ್ರ ಬಿಡಿಸುವುದನ್ನು ಕಲಿಸುವ ಮೇಷ್ಟ್ರು ಕೂಡ ಬರುತ್ತೇನೆಂದರು. ಶನಿವಾರ ಮಧ್ಯಾಹ್ನದ ಮೇಲೆ ಎಂದು ನಿಗದಿಯಾಯಿತು. ಶುಕ್ರವಾರ ಸಂಜೆಯ ಬಸ್ಸಿಗೆ ಅವ್ವ ಬಂದಿಳಿದಳು. ಹುಲ್ಲು ನೆಟ್ಟ ಮೇಲೆ ಅವಳು ಈ ಮನೆಗೆ ಬಂದದ್ದು ಇದೇ ಮೊದಲು.

ಕಣ್ಣು ಮಂಜಾಗಿದೆ, ಒಂದು ಕನ್ನಡಕ ಕೊಡಿಸು ಎಂದು ಬಂದಿದ್ದಳು. ಅವಳನ್ನು ಕಂಡಾಗ ಮಗಳಿಗೆ ಸಂತೋಷವಾದದ್ದು ನಿಜ. ಆ ಸಂತೋಷದ ಬೆನ್ನಿಗೇ, ನಾಳೆ ಇವಳನ್ನು ಎಲ್ಲಿಡುವುದು ಎಂಬ ಲೆಕ್ಕ ತಲೆಯಲ್ಲಿ ಓಡಿದ್ದೂ ನಿಜ. ಬೆಳಿಗ್ಗೆ ಅಂಗಡಿಗೆ ಹೊರಟ ಗಂಡನನ್ನು ಬಾಗಿಲಲ್ಲಿ ತಡೆದು, "ಮಧ್ಯಾಹ್ನ ಊಟ ಆದ್ಮೇಲೆ ಬಂದು ಅವ್ವನ್ನ ಕನ್ನಡಕದ ಅಂಗಡಿಗೆ ಕರ್ಕೊಂಡು ಹೋಗಿ. ಹಾಗೇ ಪೇಟೆಯೆಲ್ಲ ತೋರಿಸ್ಕೊಂಡು ಸಂಜೆ ಬನ್ನಿ" ಎಂದಳು.

ಅವನು ಚಪ್ಪಲಿ ಮೆಟ್ಟುತ್ತಿದ್ದವನು ತಲೆಯೆತ್ತಿ ನೋಡಿದ. "ಇವತ್ತೇ ಯಾಕೆ? ನಿಮ್ಮ ಮೇಡಂ ಬರೋ ದಿನ ಅತ್ತೆ ಇದ್ರೆ ಒಳ್ಳೇದಲ್ವಾ, ಒಂದು ಕೈ ಸಹಾಯ."

"ಅವಳಿಗೆ ಬೇಜಾರಾಗುತ್ತೆ."

"ಯಾರಿಗೆ?" ಎಂದ ಗಂಡ. ಅವಳು ಶಾಲೆಯ ಚೀಲ ತರಲು ಒಳಗೆ ಹೋದಳು.

ಶನಿವಾರ ಶಾಲೆ ಅರ್ಧ ದಿನ. ಟೀಚರ್ ಬಿಸ್ಕತ್ತು, ಚಹಾಪುಡಿ ಕೊಂಡುಕೊಂಡು ಬೀದಿಗೆ ಹೊರಳಿದಾಗ ದರ್ಜಿ ಅಂಗಡಿಯ ಹೊಸ್ತಿಲಿಗೇ ಬಂದು ನಿಂತಿದ್ದ. "ಏನ್ ಟೀಚರ್, ಕೊನೆಗೂ ಹಸು ತಂದೇಬಿಟ್ರಾ?" ಎಂದ.

ಅವಳು ಎಂದಿನಂತೆ ನಗಲು ಹೋದಳು. ಅಷ್ಟರಲ್ಲಿ ಗಾಳಿಯಲ್ಲಿ ಏನೋ ಬಿಳಿಯದು ತೇಲಿ ಬಂದು ಅವಳ ತೋಳಿಗೆ ಅಂಟಿತು. ಹತ್ತಿಯ ಎಳೆಯಂಥದ್ದು. ಇನ್ನೊಂದು ಬಂತು. ಬೀದಿಯ ಚರಂಡಿಯ ಅಂಚಿನಲ್ಲೆಲ್ಲ ಆ ಬಿಳಿ ನಾರು ಕೂಡಿಕೊಂಡಿತ್ತು. ಅವಳ ಹೆಜ್ಜೆ ತಾನಾಗಿ ಬಿರುಸಾಯಿತು.

ಗೋಡೆಯ ಪಕ್ಕ ಬೆಳ್ಳಿಜುಟ್ಟು ಇರಲಿಲ್ಲ. ಅಂದರೆ ಹಸಿರು ಬುಡವಿತ್ತು, ಒಂದೂ ಕುಚ್ಚಿರಲಿಲ್ಲ. ಕಾಲುದಾರಿಯ ನರಿಬಾಲವೂ ಬೋಳು. ಮೆಟ್ಟಿಲ ಮೇಲೆ ಅವ್ವ, ತಲೆಯ ಮೇಲೆ, ಹುಬ್ಬಿನ ಮೇಲೆ ಬಿಳಿ ಹೊಟ್ಟು ಮೆತ್ತಿಕೊಂಡು, ಒಬ್ಬಳೇ ಸುಗ್ಗಿ ಮುಗಿಸಿದವಳ ಹಾಗೆ ಕೂತಿದ್ದಳು. ಅವಳ ಬೆನ್ನ ಹಿಂದೆ ಜಗಲಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಪೊರಕೆಗಳ ಸಾಲು ಜಗಲಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು.

"ಬಂದ್ಯಾ ಮಗಾ? ನೋಡು, ಮುಗಿಸೇಬಿಟ್ಟೆ" ಎಂದಳು ಅವ್ವ. "ಇನ್ನೊಂದು ವಾರ ಬಿಟ್ಟಿದ್ರೆ ಎಲ್ಲಾ ಉದುರಿ ಬರೀ ಕಡ್ಡಿ ಉಳೀತಿತ್ತು. ನಿಂಗೆ ಶಾಲೆ, ಮನೆ, ಪುರುಸೊತ್ತೆಲ್ಲಿ. ಇಷ್ಟು ಒಳ್ಳೆ ತೆನೆನ ಹಾಳು ಮಾಡ್ಕೋತಿದ್ದೆಯಲ್ಲ!"

ಟೀಚರ್ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದಳು.

"ಅಳಿಯಂದಿರು ಹೋದ ಸಲ ಊರಿಗೆ ಬಂದಾಗ ಹೇಳಿದ್ರು, ನಿಮ್ಮ ಮಗಳು ಮನೆ ಮುಂದೆ ಹುಲ್ಲು ಹಾಕಿದಾಳೆ ಅಂತ. ನಂಬ್ತೀಯಾ, ಅವತ್ತು ನಂಗೆ ಅನ್ನ ಸೇರ್ಲಿಲ್ಲ. ಖುಷಿಗೆ. ಇಷ್ಟು ಓದಿ, ಇಷ್ಟು ದೊಡ್ಡ ನೌಕರಿ ಮಾಡಿ, ಅವ್ವನ ಕಸುಬು ಮರೀಲಿಲ್ವಲ್ಲ ಇವಳು ಅಂತ ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಂಡು ಬಂದೆ." ಅವ್ವ ಒಂದು ಪೊರಕೆ ಎತ್ತಿ ನೆಲಕ್ಕೆ ತಟ್ಟಿದಳು. "ಗುಡ್ಡದ ಹುಲ್ಲಿನಷ್ಟು ಗಟ್ಟಿಯಿಲ್ಲ. ಆದ್ರೆ ಏನು ಮೆತ್ತಗಿದೆ ಅಂತೀಯ! ಕೂಸಿನ ಕೆನ್ನೆ ಗುಡಿಸ್ಬಹುದು."

"ಅವ್ವಾ," ಎಂದಳು ಮಗಳು ಕೊನೆಗೆ. "ಇವತ್ತು ಶಾಲೆಯೋರು ಬರ್ತಾರೆ. ಇದನ್ನ ನೋಡೋಕೆ."

"ಯಾವುದನ್ನ?"

"ಹುಲ್ಲನ್ನ."

"ಹುಲ್ಲು ನೋಡೋಕಾ?" ಅವ್ವ ಬಾಯಿತುಂಬ ನಕ್ಕಳು. "ಅವರ ಕಡೆ ಹುಲ್ಲಿಲ್ವಾ?" ನಗುತ್ತ ನಗುತ್ತಲೇ ಮಗಳ ಮುಖ ನೋಡಿದಳು. ಮಂಜುಗಣ್ಣಿಗೂ ಆ ಮುಖ ಕಂಡಿರಬೇಕು. ನಗು ಅಲ್ಲಿಗೇ ನಿಂತಿತು. "ಇದು... ನೋಡೋ ಹುಲ್ಲಾ?"

ಮಗಳ ಕಣ್ಣು ಮೆಟ್ಟಿಲ ಪಕ್ಕದ ಮುದುಕನ ಗಡ್ಡದ ಮೇಲೆ ಬಿದ್ದಿತ್ತು. ನೆಲಕ್ಕೆ ಸಮವಾಗಿ, ಕ್ಷೌರ ಮಾಡಿದಂತೆ ಕೊಯ್ದಿತ್ತು. "ಇದನ್ನ ಯಾಕೆ ಕೊಯ್ದೆ?"

"ಹುರಿ ಹೊಸೆಯೋಕೆ. ಕಟ್ಟೋಕೆ ಬೇಕಿತ್ತಲ್ಲ."

"ಇದು ಮತ್ತೆ ಚಿಗುರಲ್ಲ ಅವ್ವಾ. ಇದನ್ನ ಕೊಯ್ಯಬಾರದು."

ಅವ್ವ ಮೆಟ್ಟಿಲು ಇಳಿದು ಕುಕ್ಕರಗಾಲಲ್ಲಿ ಕೂತು ಆ ಬುಡವನ್ನು ಬೆರಳಿಂದ ಒತ್ತಿ ನೋಡಿದಳು. "ಹುಲ್ಲು ಅಂದ್ರೆ ಚಿಗುರುತ್ತೆ ಅನ್ಕೊಂಡಿದ್ದೆ" ಎಂದಳು. ಆಮೇಲೆ ಎದ್ದು, ಮಗಳ ಕಡೆ ನೋಡದೆ, ಕತ್ತಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ, ಮನೆಯ ಹಿಂದಕ್ಕೆ ಹೋದಳು. ಕೊಳಾಯಿಯಲ್ಲಿ ಮುಖ ತೊಳೆಯುವ ಸದ್ದು ಕೇಳಿಸಿತು.

ಗಂಡ ಬರಬೇಕಾದ ಹೊತ್ತಿಗೆ ಬರಲಿಲ್ಲ. ಅಂಗಡಿಗೆ ಬಣ್ಣದ ಡಬ್ಬಗಳ ಲಾರಿ ಬಂದಿದೆ, ಇಳಿಸಿಕೊಂಡು ಬರುತ್ತೇನೆ ಎಂದು ಫೋನು ಮಾಡಿದ. ಶಾಲೆಯವರು ಮಾತ್ರ ಹೇಳಿದ್ದಕ್ಕಿಂತ ಮೊದಲೇ ಬಂದರು. ಟೀಚರ್ ಅಂಗಳದ ಹೊಟ್ಟನ್ನು ಗುಡಿಸುತ್ತಿರುವಾಗಲೇ ಗೇಟು ಕಿರ್ರೆಂದಿತು. ಗುಡಿಸುತ್ತಿದ್ದದ್ದು ಬೇರೆ ಅದೇ ಹುಲ್ಲಿನ ಪೊರಕೆಯಿಂದ. ಅವಳು ಅದನ್ನು ಬೇಗ ಕಂಬದ ಮರೆಗಿಟ್ಟಳು.

ದೊಡ್ಡ ಟೀಚರ್ ಗೇಟಿನೊಳಗೆ ಬಂದವರು ಅಲ್ಲಿಯೇ ನಿಂತರು. ಅವರ ಹಿಂದೆ ಚಿತ್ರದ ಮೇಷ್ಟ್ರು ಹಲಗೆ, ಕಾಗದ, ಬಣ್ಣದ ಪೆಟ್ಟಿಗೆ ಎಲ್ಲ ಹಿಡಿದುಕೊಂಡು ಬಂದಿದ್ದರು.

"ಇದೇನು ಟೀಚರ್? ಎಲ್ಲಿ ನಿಮ್ಮ ಹೂವು?" ಎಂದರು ದೊಡ್ಡ ಟೀಚರ್.

ಆ ಒಂದು ಗಳಿಗೆಯಲ್ಲಿ ಟೀಚರ್ ಏನು ಬೇಕಾದರೂ ಹೇಳಬಹುದಿತ್ತು. ಗಾಳಿಗೆ ಉದುರಿತು ಎನ್ನಬಹುದಿತ್ತು. ನಾನೇ ಕೊಯ್ದೆ ಎನ್ನಬಹುದಿತ್ತು. ಇವೆಲ್ಲ ಆಮೇಲೆ ಹೊಳೆದವು. ಆಗ ಬಾಯಿಗೆ ಬಂದದ್ದು ಒಂದೇ.

"ಕೆಲಸದವಳು ಮೇಡಂ. ಹೊಸಬಳು. ನಾನು ಶಾಲೇಲಿದ್ದಾಗ ಗೊತ್ತಿಲ್ದೆ ಎಲ್ಲಾ ಕೊಯ್ದುಬಿಟ್ಟಳು."

"ಅಯ್ಯೋ ಪಾಪ" ಎಂದರು ದೊಡ್ಡ ಟೀಚರ್. ಆದರೆ ಅವರ ಕಣ್ಣು ಅವಳ ಭುಜದಾಚೆ ನೋಡುತ್ತಿತ್ತು. ಟೀಚರ್ ತಿರುಗಿದಳು.

ಮನೆಯ ಮೂಲೆಯಲ್ಲಿ ಅವ್ವ ನಿಂತಿದ್ದಳು. ಮುಖ ತೊಳೆದು, ತಲೆ ಬಾಚಿ, ಊರಿಂದ ತಂದಿದ್ದ ಒಳ್ಳೆಯ ಬಟ್ಟೆ ಉಟ್ಟುಕೊಂಡಿದ್ದಳು. ಮಗಳ ಮನೆಗೆ ಬಂದ ದೊಡ್ಡವರಿಗೆ ಕುಡಿಯಲು ನೀರು ತಂದಿದ್ದಳು. ತಟ್ಟೆಯ ಮೇಲೆ ಲೋಟಗಳು. ಮುಖದ ಮೇಲೆ, ಇವಳು ನನ್ನ ಮಗಳು ಎಂದು ಹೇಳಲು ಹೊರಟ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅದು ಆರುವುದನ್ನು ಟೀಚರ್ ಕಣ್ಣಾರೆ ಕಂಡಳು.

ಅವ್ವ ತಟ್ಟೆಯನ್ನು ಜಗಲಿಯ ಅಂಚಿನಲ್ಲಿಟ್ಟಳು. ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಕೈಕಟ್ಟಿ ನಿಂತಳು. "ತಪ್ಪಾಯ್ತು ಅಮ್ಮಾವ್ರೆ" ಎಂದಳು. "ಕಣ್ಣು ಸರಿಯಾಗಿ ಕಾಣಲ್ಲ ನಂಗೆ. ಇನ್ನೊಂದ್ಸಲ ಹೀಗಾಗಲ್ಲ."

ಆ 'ಅಮ್ಮಾವ್ರೆ' ದೊಡ್ಡ ಟೀಚರಿಗೆ ಹೇಳಿದ್ದಲ್ಲ. ಮಗಳನ್ನು ನೋಡಿ ಹೇಳಿದ್ದು.

ದೊಡ್ಡ ಟೀಚರ್ ಕೆಟ್ಟವರಲ್ಲ. "ಅಲ್ಲಮ್ಮಾ, ಕೊಯ್ಯೋಕೆ ಮುಂಚೆ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ? ಪಾಪ ಅವರು ವರ್ಷಗಟ್ಟಲೆ ಸಾಕಿದ್ದು" ಎಂದು ತಗ್ಗಿದ ದನಿಯಲ್ಲೇ ಗದರಿದರು. 'ನಿಂಗೆ' ಎಂದರು. ಅವರು ಅವ್ವನಿಗಿಂತ ಎಷ್ಟೋ ಚಿಕ್ಕವರು.

"ಹೌದಮ್ಮಾವ್ರೆ. ಬುದ್ಧಿ ಸಾಲ್ಲಿಲ್ಲ."

ಅಷ್ಟರಲ್ಲಿ ಚಿತ್ರದ ಮೇಷ್ಟ್ರು ಜಗಲಿಯ ಮೇಲಿನ ಸಾಲನ್ನು ಕಂಡರು. ಒಂದನ್ನು ಎತ್ತಿ, ಕಟ್ಟಿನ ಹೆಣಿಗೆಯನ್ನು ಬೆರಳಿಂದ ಸವರಿ, "ಮೇಡಂ, ಇಲ್ನೋಡಿ. ಗೋಡೆಗೆ ತೂಗುಹಾಕೋ ಹಾಗಿದೆ. ಗುಡಿಸೋಕೆ ಮನಸ್ಸೇ ಬರಲ್ಲ" ಎಂದರು. ದೊಡ್ಡ ಟೀಚರೂ ಒಂದು ಎತ್ತಿಕೊಂಡರು. ಅವರಿಗೆ ಬೇರೆ ಯೋಚನೆ ಬಂತು. ಶಾಲೆಯ ಹಿಂದಿನ ಬಯಲಲ್ಲಿ ಹುಲ್ಲು ಎದೆಮಟ್ಟ ಬೆಳೆದು ತೆನೆ ಬಿಟ್ಟು ನಿಂತಿದೆ, ಶಾಲೆಗೆ ಪೊರಕೆ ಎಷ್ಟಿದ್ದರೂ ಸಾಲದು. "ಸೋಮವಾರ ಬಂದು ಕಟ್ಟಿಕೊಡ್ತೀಯೇನಮ್ಮಾ? ಕೂಲಿ ಕೊಡ್ತೀವಿ."

"ಅಮ್ಮಾವ್ರು ಕಳಿಸಿದ್ರೆ ಬರ್ತೀನಿ" ಎಂದಳು ಅವ್ವ.

ಈಗ ಎಲ್ಲರೂ ಟೀಚರನ್ನು ನೋಡಿದರು. ಇನ್ನೂ ಹೊತ್ತು ಮೀರಿರಲಿಲ್ಲ. ನಕ್ಕು, ಅಯ್ಯೋ ಮೇಡಂ, ತಮಾಷೆಗೆ ಹೇಳಿದೆ, ಇವರು ನಮ್ಮವ್ವ ಎಂದಿದ್ದರೂ ಆಗುತ್ತಿತ್ತು.

"ಬರ್ತಾಳೆ ಮೇಡಂ" ಎಂದಳು ಟೀಚರ್.

ಅವರು ಚಹಾ ಕುಡಿದು, ಎರಡು ಪೊರಕೆ ಹಿಡಿದುಕೊಂಡು ಹೋದರು. ಅವ್ವ ಲೋಟಗಳನ್ನು ಎತ್ತಿಕೊಂಡು ಹಿಂದಿನ ಬಾಗಿಲಿಂದ ಒಳಗೆ ಹೋದಳು.

ಸಂಜೆ ಗಂಡ ಬಂದು ಅಂಗಳ ನೋಡಿ ಬಾಯಿ ಬಿಟ್ಟ. "ಏನಂದ್ರು ನಿಮ್ಮ ಮೇಡಂ?" ಎಂದು ಹೆಂಡತಿಯನ್ನು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವ್ವನ ದನಿ ಬಂತು: "ಪೊರಕೆ ಬಾಳ ಚೆನ್ನಾಗಿವೆ ಅಂದ್ರು ಕಣಪ್ಪಾ. ಎರಡು ಒಯ್ದರು." ಊಟಕ್ಕೆ ಮೇಜಿಗೆ ಕರೆದರೆ, ಬೆನ್ನು ನೋವು ಎಂದು ಹೇಳಿ ಅವ್ವ ಅಡುಗೆಮನೆಯ ನೆಲದ ಮೇಲೇ ಕೂತು ಉಂಡಳು. ನಿನ್ನೆ ಮೇಜಿನಲ್ಲಿ ಕೂತು ಉಂಡವಳು. ಗಂಡ ಹೆಂಡತಿಯ ಮುಖ ನೋಡಿದ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಈ ಬದಿಯಿಂದ ಆ ಬದಿಗೆ ತಳ್ಳುತ್ತಿದ್ದಳು.

ಭಾನುವಾರ ಎದ್ದು ನೋಡಿದರೆ ಅವ್ವ ಮುದುಕನ ಗಡ್ಡದ ಮುಂದೆ ಕೂತಿದ್ದಳು. ಬುಡದ ಸುತ್ತ ಮಣ್ಣು ಸಡಿಲಿಸಿ, ಚೊಂಬಿನಿಂದ ಹನಿಹನಿಯಾಗಿ ನೀರು ಬಿಡುತ್ತಿದ್ದಳು. ಅದಕ್ಕೆ ಅಷ್ಟು ನೀರು ಆಗದು, ಕೊಳೆಯುತ್ತದೆ. ಟೀಚರಿಗೆ ಅದು ಗೊತ್ತಿತ್ತು. ಆದರೂ ತಡೆಯದೆ ಪಕ್ಕದಲ್ಲಿ ಹೋಗಿ ಕೂತಳು.

"ಅವ್ವಾ, ನಿನ್ನೆ ನಾನು..."

"ನೀನು ಅಂದಿದ್ದರಲ್ಲಿ ತಪ್ಪೇನಿಲ್ಲ ಬಿಡು" ಎಂದಳು ಅವ್ವ. "ಹುಲ್ಲಿನಲ್ಲೇ ಹುಟ್ಟಿ ಹುಲ್ಲಿನಲ್ಲೇ ಮುದುಕಿಯಾದೆ. ಯಾವುದು ಕೊಯ್ಯೋದು, ಯಾವುದು ಬಿಡೋದು ಅನ್ನೋದು ತಿಳೀಲಿಲ್ಲ. ಅಷ್ಟು ದೊಡ್ಡೋರ ಮುಂದೆ ಇವಳು ನಮ್ಮವ್ವ, ಇವಳೇ ಹಾಳು ಮಾಡಿದ್ಲು ಅಂತ ಹೇಗೆ ಹೇಳ್ತೀಯ? ನಾನಾದ್ರೂ ಹೇಳ್ತಿರ್ಲಿಲ್ಲ."

ಅವ್ವ ತಿಳಿದದ್ದು ಹೀಗೆ. ಹುಲ್ಲು ಕೊಯ್ದದ್ದಕ್ಕೆ ಮಗಳಿಗೆ ನಾಚಿಕೆಯಾಯಿತು, ಅದರಿಂದ ಹಾಗೆ ಹೇಳಿದಳು ಎಂದು. ಒಂದೂ ತೆನೆ ಮುಟ್ಟದಿದ್ದರೂ ನಿನ್ನನ್ನು ಕನ್ನಡಕದ ನೆಪದಲ್ಲಿ ಪೇಟೆಗೆ ಅಟ್ಟುತ್ತಿದ್ದೆ ಎಂದು ಮಗಳು ಹೇಗೆ ಹೇಳಿಯಾಳು? ಈ ತಪ್ಪು ತಿಳಿವಳಿಕೆಯ ಹಿಂದೆ ಅಡಗಿ ಕೂರುವುದೇ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ನಾಳೆ ಶಾಲೆಗೆ ಬರೋದೇನೂ ಬೇಡ ಅವ್ವಾ. ಇವತ್ತು ಕನ್ನಡಕ ಕೊಡಿಸಿ, ಬೆಳಿಗ್ಗೆ ಬಸ್ಸಿಗೆ ಹತ್ತಿಸ್ತೀನಿ. ಅವರಿಗೆ ಏನಾದ್ರೂ ಹೇಳ್ತೀನಿ."

ಅವ್ವ ಚೊಂಬು ಕೆಳಗಿಟ್ಟಳು. "ಬರ್ತೀನಿ ಅಂದಿದ್ದೀನಿ. ಬರ್ದಿದ್ರೆ, ಟೀಚರ್ ಮನೆ ಆಳು ಮಾತಿಗೆ ನಿಲ್ಲಲ್ಲ ಅಂತಾರೆ. ಯಾರ ಮರ್ಯಾದೆ ಹೋಗೋದು? ನಿಂದೇ." ಆಮೇಲೆ ಸ್ವಲ್ಪ ನಕ್ಕಳು. "ಹೆದರ್ಬೇಡ ಅಮ್ಮಾವ್ರೆ. ಬಾಯಿ ಬಿಡಲ್ಲ."

ತಮಾಷೆಗೆಂದೇ ಹೇಳಿದ್ದು. ಮಗಳು ಎದ್ದು ಬಚ್ಚಲಿಗೆ ಹೋಗಿ ಕೊಳಾಯಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಶಾಲೆಗೆ ಹೊರಟರು. ಟೀಚರ್ ಚೀಲ ಹಿಡಿದು ಮುಂದೆ. ಅವ್ವ ಕತ್ತಿ ಸುತ್ತಿದ ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು ಹಿಂದೆ. ಗಿರಣಿಯ ಹತ್ತಿರ ಬರುವವರೆಗೂ ಅದು ಟೀಚರ್ ಗಮನಕ್ಕೆ ಬರಲಿಲ್ಲ. ಬಂದಾಗ ಹೆಜ್ಜೆ ನಿಧಾನ ಮಾಡಿದಳು. ಹಿಂದಿನ ಹೆಜ್ಜೆಯೂ ನಿಧಾನವಾಯಿತು. ನಿಂತಳು. ಅವ್ವನೂ ನಿಂತಳು. ಮನೆಯಾಳು ಒಡತಿಯ ಹಿಂದೆ ಎಷ್ಟು ದೂರದಲ್ಲಿ ನಡೆಯಬೇಕೋ ಅಷ್ಟೇ ದೂರ.

"ಜೊತೇಲಿ ಬಾ ಅವ್ವಾ."

"ನಡಿ ನಡಿ. ಯಾರಾದ್ರೂ ನೋಡ್ತಾರೆ."

ಟೀಚರ್ ಹಿಂದಕ್ಕೆ ಬಂದು ಅವ್ವನ ಪಕ್ಕಕ್ಕೆ ನಿಂತಳು. ಅವ್ವ ಅವಳನ್ನು ಮೊಣಕೈಯಿಂದ ಮುಂದಕ್ಕೆ ದೂಡಿದಳು. ಬೆಳಗಿನ ಬೀದಿಯಲ್ಲಿ ಗಿರಣಿಯವನು, ಹಾಲಿನವನು ಎಲ್ಲ ನೋಡುತ್ತಿರುವಾಗ ತಾಯಿ ಮಗಳು ಹೀಗೆ ಸ್ವಲ್ಪ ಹೊತ್ತು ತಳ್ಳಾಡಿದರು. ಕೊನೆಗೆ ಟೀಚರೇ ಸೋತು ಮುಂದೆ ನಡೆದಳು. ಬೆನ್ನ ಹಿಂದೆ ಆ ಚಪ್ಪಲಿಯ ಸದ್ದು ಶಾಲೆಯ ಗೇಟಿನವರೆಗೂ ಅಷ್ಟೇ ದೂರದಲ್ಲಿ ಬಂತು.

ದೊಡ್ಡ ಟೀಚರ್ ಶಾಲೆಯ ಜಗಲಿಯ ಮೇಲೆ ನಿಂತಿದ್ದರು. ಪಕ್ಕದಲ್ಲಿ ಚಿತ್ರದ ಮೇಷ್ಟ್ರು. "ಓ, ಕರ್ಕೊಂಡೇ ಬಂದ್ರಾ! ಪರವಾಗಿಲ್ವೇ ನಿಮ್ಮ ಹೆಂಗಸು, ಹೇಳಿದ ಮಾತಿಗೆ ಬಂದ್ಲು" ಎಂದರು. ಅವ್ವನ ಕಡೆ ಕೈ ತೋರಿಸಿ, "ಆ ಕಡೆ ಹಿಂದಿನಿಂದ ಹೋಗಮ್ಮಾ, ಬಯಲಿಗೆ ಬಾಗಿಲಿದೆ" ಎಂದರು. ಅವ್ವ ಆಗಲೇ ತಲೆಯಾಡಿಸಿ ಆ ಕಡೆ ತಿರುಗಿದ್ದಳು.

"ಮೇಡಂ" ಎಂದಳು ಟೀಚರ್. ದನಿ ತನ್ನದಲ್ಲವೆನ್ನುವ ಹಾಗೆ ಗಟ್ಟಿಯಾಗಿ ಬಂತು. "ಇವರು ಕೆಲಸದವರಲ್ಲ. ನಮ್ಮವ್ವ. ಶನಿವಾರ ನಾನು ಸುಳ್ಳು ಹೇಳಿದೆ. ಜಮೀನಿದೆ ಅಂದಿದ್ದೂ ಸುಳ್ಳೇ. ಇವರು ಪೊರಕೆ ಕಟ್ಟಿ ನನ್ನನ್ನ ಓದಿಸಿದ್ದು."

ದೊಡ್ಡ ಟೀಚರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮುಖ ಕೆಂಪಾಯಿತು. "ಅಯ್ಯೋ... ಬನ್ನಿ ಬನ್ನಿ, ಬನ್ನಿ ಅಮ್ಮಾ. ನಂಗೆ ಗೊತ್ತಿರ್ಲಿಲ್ಲ. ಮೇಷ್ಟ್ರೇ, ಒಂದು ಕುರ್ಚಿ ತನ್ನಿ" ಎಂದು ತಡಬಡಿಸಿದರು. ಮೇಷ್ಟ್ರು ಒಳಗೆ ಓಡಿ ತಮ್ಮದೇ ಕುರ್ಚಿ ತಂದು ಜಗಲಿಯ ನಡುವೆ ಇಟ್ಟರು.

ಅವ್ವನಿಗೆ ಸಂತೋಷವಾಗಲಿಲ್ಲ. ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು, "ತಲೆ ಕೆಟ್ಟಿದ್ಯಾ ನಿಂಗೆ? ಮೊನ್ನೆ ಅವರ ಮುಂದೆ ಕೈಕಟ್ಟಿ ಅಮ್ಮಾವ್ರೆ ಅಂದೋಳು ನಾನು. ಈಗ ನನ್ನೂ ಸುಳ್ಳಿ ಮಾಡ್ದೆಯಲ್ಲ" ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ಸಿಟ್ಟೇ ಇತ್ತು.

ಎಲ್ಲರೂ ಒತ್ತಾಯ ಮಾಡಿದ್ದರಿಂದ ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಜವಾನ ಬಯಲಿನಿಂದ ಆಗಲೇ ಕೊಯ್ದಿಟ್ಟಿದ್ದ ಹುಲ್ಲಿನ ಹೊರೆಯನ್ನು ಅವಳ ಮುಂದೆ ತಂದು ಹಾಕಿದ. ದೊಡ್ಡ ಟೀಚರ್, "ಅದೆಲ್ಲ ಬೇಡಪ್ಪಾ, ಟೀಚರ್ ತಾಯಿ ಅವರು, ತಗೊಂಡ್ಹೋಗು" ಎಂದರು. ಅವ್ವ ಹೊರೆಯನ್ನೇ ನೋಡುತ್ತಿದ್ದಳು. ಒಳ್ಳೆಯ ತೆನೆ. ಕೈ ಒಂದು ಸಲ ಮುಂದಕ್ಕೆ ಚಾಚಿ, ಮತ್ತೆ ಮಡಿಲಿಗೆ ಬಂತು. ಕುರ್ಚಿಯ ಮೇಲೆ ಕೂತು ಪೊರಕೆ ಕಟ್ಟಲು ಬರುವುದಿಲ್ಲ. ನೆಲದ ಮೇಲೆ ಕೂತು, ಹುರಿಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದು ಹಿಡಿದರೇ ಕಟ್ಟು ಬಿಗಿಯಾಗುವುದು. ಮಕ್ಕಳು ಕಿಟಕಿಗಳಲ್ಲಿ ಗುಂಪುಗೂಡಿದ್ದರು. ಮರ್ಯಾದೆ ಕೊಟ್ಟು ಕೂರಿಸಿದ ಆ ಎತ್ತರದಲ್ಲಿ ಅವ್ವ, ಕೈಗೆ ಕೆಲಸವಿಲ್ಲದೆ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

ಟೀಚರ್ ಚೀಲವನ್ನು ಗೋಡೆಗೆ ಒರಗಿಸಿದಳು. ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಜಗಲಿಯ ನೆಲದ ಮೇಲೆ, ಹೊರೆಯ ಪಕ್ಕದಲ್ಲಿ ಕೂತುಬಿಟ್ಟಳು. ಚಪ್ಪಲಿ ಕಳಚಿದಳು. ಒಂದು ಹಿಡಿ ತೆನೆ ಎಳೆದು, ಬುಡ ಸಮ ಮಾಡಿ ನೆಲಕ್ಕೆ ಕುಟ್ಟಿದಳು. ಹೊಟ್ಟು ಹಾರಿತು. ಪಾಠದ ಗಂಟೆ ಹೊಡೆಯಿತು, ಅವಳು ಏಳಲಿಲ್ಲ. ಮೇಲೆ ಯಾರು ಯಾರನ್ನು ನೋಡಿದರೋ, ಏನೆಂದುಕೊಂಡರೋ, ತಲೆಯೆತ್ತಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಹೊರೆ ಕಟ್ಟಿದ್ದ ಹುರಿಯನ್ನು ಬಿಚ್ಚಿ ಕಾಲಿನ ಹೆಬ್ಬೆರಳಿಗೆ ಸುತ್ತಲು ಹೋದಳು, ಸುತ್ತು ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು.

"ಹಾಗಲ್ಲ" ಎಂದಳು ಅವ್ವ ಮೇಲಿನಿಂದ.

ಮಗಳು ಮೂರನೆಯ ಸಲ ಸುತ್ತಿದಳು. ಕಟ್ಟು ಸಡಿಲವಾಗಿ ತೆನೆಗಳು ಚದುರಿದವು.

"ಹಾಗಲ್ಲ ಅಂದೆ." ಅವ್ವ ಕುರ್ಚಿಯಿಂದ ಇಳಿದಳು. ಮಗಳ ಎದುರಿಗೆ ಕಾಲು ಚಾಚಿ ಕೂತು, ಹುರಿಯನ್ನು ಅವಳ ಕೈಯಿಂದ ಕಿತ್ತುಕೊಂಡು ತನ್ನ ಹೆಬ್ಬೆರಳಿಗೆ ಹಾಕಿ, ಇನ್ನೊಂದು ತುದಿಯನ್ನು ಅವಳಿಗೆ ಕೊಟ್ಟಳು. ಮಗಳ ಮುಖ ನೋಡಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಎಳಿ" ಎಂದಳು.

ಮಗಳು ಎಳೆದಳು.

"ಇನ್ನೂ. ಅನ್ನ ತಿಂದಿಲ್ವಾ?"

ಹುರಿ ಅಂಗೈಯನ್ನು ಕೊಯ್ಯುವಷ್ಟು ಬಿಗಿಯಾಯಿತು. ಅವಳು ಬಿಡಲಿಲ್ಲ.